ತೀರ್ಥಹಳ್ಳಿಯಲ್ಲಿ ಕೂತು ಶಿವಮೊಗ್ಗದ ಟ್ಯಾಲಿ

ಚಿಕ್ಕಮ್ಮ: ಊಟ ಆದ ಮೇಲೆ ನನ್ನ ಲ್ಯಾಪ್‌ಟಾಪ್ ಒಂದು ಸಲ ನೋಡಿಬಿಡು ಮಾರಾಯ. ಲೆಕ್ಕದ ತಂತ್ರಾಂಶ ಟ್ಯಾಲಿ ಇರುವ ಶಿವಮೊಗ್ಗದ ಆಫೀಸಿನ ಕಂಪ್ಯೂಟರು ಇಲ್ಲಿ ತೀರ್ಥಹಳ್ಳಿ ಮನೆಯಲ್ಲೇ ತೆರೆಯುವ ಹಾಗೆ ಮಾಡಿಸಿಕೊಂಡಿದ್ದೇನೆ. 20ನೇ ತಾರೀಕಿನೊಳಗೆ ಕ್ಲೈಂಟುಗಳೆಲ್ಲರ ಜಿಎಸ್‌ಟಿ ರಿಟರ್ನ್, ಜಿಎಸ್‌ಟಿಆರ್-3ಬಿ ಹಾಕಿ ಮುಗಿಸಬೇಕು. ಈ ಮಳೆಯಲ್ಲಿ ದಿನಾ ಅಲ್ಲಿಗೆ ಹೋಗಿ ಬರುವುದು ನನ್ನಿಂದಾಗುವುದಿಲ್ಲ.

ಹುಡುಗ: ತೆರೆಯುತ್ತಾ ಇದೆಯಲ್ಲ, ಮತ್ತೇನು ನೋಡಬೇಕು?

ಚಿಕ್ಕಮ್ಮ: ಕಂಪ್ಯೂಟರಿನವನು ಬಂದು, "ಮೇಡಂ, ರೂಟರಿನಲ್ಲಿ ಒಂದು ಪೋರ್ಟ್ ಓಪನ್ ಮಾಡಿದರೆ ಆಯ್ತು, ಐದು ನಿಮಿಷದ ಕೆಲಸ" ಅಂದ. ಐದೇ ನಿಮಿಷದಲ್ಲಿ ಮಾಡಿಯೂ ಕೊಟ್ಟ. ಅಷ್ಟು ಸಲೀಸಾಗಿ ಆಗಿದ್ದಕ್ಕೇ ನನಗೆ ಅನುಮಾನ. ಆಡಿಟರ್ ಬುದ್ಧಿ ಅಂತ ಇಟ್ಟುಕೋ.

ಹುಡುಗ: ಯಾವ ಪೋರ್ಟ್ ಅಂತ ಹೇಳಿದನಾ? 3389?

ಚಿಕ್ಕಮ್ಮ: ಹೌದು, ಅದೇ. ಚೀಟಿಯಲ್ಲಿ ಬರೆದುಕೊಟ್ಟಿದ್ದಾನೆ.

ಹುಡುಗ: ಹಾಗಾದರೆ ಊಟಕ್ಕೆ ಮೊದಲೇ ನೋಡೋಣ, ತನ್ನಿ. ಇದು ನಿಮ್ಮ ಆಫೀಸಿನ ಸ್ಕ್ರೀನು ಅಲ್ವಾ? ಇದರಲ್ಲಿ ಈವೆಂಟ್ ವ್ಯೂವರ್ ಅಂತ ಒಂದಿದೆ. ಕಂಪ್ಯೂಟರಿನಲ್ಲಿ ನಡೆದದ್ದನ್ನೆಲ್ಲ ವಿಂಡೋಸ್ ಅಲ್ಲಿ ಬರೆದಿಡುತ್ತದೆ. ಸೆಕ್ಯುರಿಟಿ ಅನ್ನುವ ಭಾಗಕ್ಕೆ ಹೋಗಿ 4625 ಅನ್ನುವ ನಂಬರಿನವನ್ನು ಮಾತ್ರ ಸೋಸಿ ತೆಗೆಯುತ್ತೇನೆ. 4625 ಅಂದರೆ ಯಾರೋ ಲಾಗಿನ್ ಆಗಲು ಹೋಗಿ ಆಗದೆ ಉಳಿದದ್ದು.

ಚಿಕ್ಕಮ್ಮ: ಇದೇನೋ ಇದು! ಪಟ್ಟಿ ಮುಗಿಯುವುದೇ ಇಲ್ಲ.

ಹುಡುಗ: ಹೆಸರುಗಳನ್ನು ಓದಿ. ಅಡ್ಮಿನಿಸ್ಟ್ರೇಟರ್, ಅಡ್ಮಿನ್, ಟೆಸ್ಟ್, ಯೂಸರ್1, ಅಕೌಂಟ್ಸ್. ಸಮಯ ನೋಡಿ, ಬೆಳಗಿನ ಜಾವ ಮೂರು ಗಂಟೆ. ಒಂದು ನಿಮಿಷ ಬಿಡುವಿಲ್ಲದೆ ಒಬ್ಬರಲ್ಲ ಒಬ್ಬರು ಪಾಸ್‌ವರ್ಡ್ ಹಾಕಿ ನೋಡುತ್ತಲೇ ಇದ್ದಾರೆ.

ಚಿಕ್ಕಮ್ಮ: ಯಾರು ಇವರೆಲ್ಲ? ನನ್ನ ಆಫೀಸಿನಲ್ಲಿ ಅಂಥದ್ದೇನಿದೆ ಅಂತ ಬರುತ್ತಾರೆ?

ಹುಡುಗ: ಅದು ನಿಮ್ಮ ಆಫೀಸು ಅಂತ ಅವರಿಗೆ ಗೊತ್ತೂ ಇಲ್ಲ ಚಿಕ್ಕಮ್ಮ. ಇಂಟರ್ನೆಟ್ಟಿನಲ್ಲಿ ಐಪಿವಿ4 ಅನ್ನುವ ಹಳೇ ಮಾದರಿಯ ವಿಳಾಸಗಳು ಒಟ್ಟು ಸುಮಾರು 430 ಕೋಟಿ. ಕೇಳಲಿಕ್ಕೆ ದೊಡ್ಡ ಸಂಖ್ಯೆ. ಆದರೆ 2013ರಲ್ಲೇ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದವರು ಝೀಮ್ಯಾಪ್ ಅನ್ನುವ ತಂತ್ರಾಂಶ ಮಾಡಿ, ಒಂದೇ ಒಂದು ಕಂಪ್ಯೂಟರಿನಿಂದ 45 ನಿಮಿಷದೊಳಗೆ ಅಷ್ಟೂ ವಿಳಾಸಗಳಲ್ಲಿ ಒಂದು ಪೋರ್ಟ್ ಎಲ್ಲೆಲ್ಲಿ ತೆರೆದಿದೆ ಅಂತ ಹುಡುಕಿ ತೋರಿಸಿದರು. ಅವರದ್ದು ಸಂಶೋಧನೆ. ಇಂಥವನ್ನೇ ಕಳ್ಳರೂ ಹಗಲೂ ರಾತ್ರಿ ಓಡಿಸುತ್ತಾರೆ. 3389 ಅಂದರೆ ವಿಂಡೋಸ್ ರಿಮೋಟ್ ಡೆಸ್ಕ್‌ಟಾಪ್ ಅಂತ ಎಲ್ಲರಿಗೂ ಗೊತ್ತು. ಯಾರು ಬಂದು ಕೇಳಿದರೂ ಅದು "ಇದ್ದೇನೆ" ಅಂತ ಉತ್ತರ ಕೊಡುತ್ತದೆ. ಆಮೇಲೆ ಎಲ್ಲೆಲ್ಲೋ ಸೋರಿದ ಪಾಸ್‌ವರ್ಡ್‌ಗಳ ಪಟ್ಟಿ ಇಟ್ಟುಕೊಂಡು ಒಂದೊಂದಾಗಿ ಹಾಕುವುದು. ಒಂದು ಹೊಂದಿಕೊಂಡರೆ ಒಳಗೆ ಬಂದು ನಿಮ್ಮ ಡೇಟಾಕ್ಕೆಲ್ಲ ಬೀಗ ಹಾಕಿ, ದುಡ್ಡು ಕೊಟ್ಟರೆ ತೆಗೆಯುತ್ತೇವೆ ಅನ್ನುತ್ತಾರೆ.

ಚಿಕ್ಕಮ್ಮ: ಪಾಸ್‌ವರ್ಡ್ ಗಟ್ಟಿ ಇದ್ದರೆ ಆಯ್ತಲ್ಲ.

ಹುಡುಗ: ಅಷ್ಟು ಸಾಲದು. 2019ರ ಮೇ ತಿಂಗಳಲ್ಲಿ ಬ್ಲೂಕೀಪ್ ಅಂತ ಒಂದು ದೋಷ ಇದೇ ರಿಮೋಟ್ ಡೆಸ್ಕ್‌ಟಾಪಿನಲ್ಲಿ ಸಿಕ್ಕಿತು. ಹಳೇ ವಿಂಡೋಸ್‌ಗಳಲ್ಲಿ ಪಾಸ್‌ವರ್ಡ್ ಕೇಳುವ ಮೊದಲೇ ಒಳಗೆ ನುಗ್ಗಬಹುದಾಗಿತ್ತು. ಮೈಕ್ರೋಸಾಫ್ಟಿಗೆ ಎಷ್ಟು ಗಾಬರಿಯಾಯಿತು ಅಂದರೆ, 2014ರಲ್ಲೇ ಕೈಬಿಟ್ಟಿದ್ದ ವಿಂಡೋಸ್ ಎಕ್ಸ್‌ಪಿಗೂ ತಿದ್ದುಪಡಿ ಕೊಟ್ಟರು. ನಿಮ್ಮದು ಹೊಸ ವಿಂಡೋಸ್, ಆ ದೋಷ ಇದರಲ್ಲಿಲ್ಲ. ಮುಂದಿನದು ಯಾವಾಗ ಸಿಗುತ್ತದೋ ಯಾರಿಗೆ ಗೊತ್ತು?

ಚಿಕ್ಕಮ್ಮ: ಮುಚ್ಚಿಬಿಡು ಹಾಗಾದರೆ. ಆದರೆ 3ಬಿ?

ಹುಡುಗ: ವಿಪಿಎನ್ ಹಾಕೋಣ. ಪೋರ್ಟನ್ನು ಆಫೀಸಿನ ರೂಟರಿನಲ್ಲೇ ಮುಚ್ಚಬೇಕು. ಇಲ್ಲಿಂದ ಮುಚ್ಚಿದರೆ ಅದರ ಜೊತೆ ನಾವೂ ಹೊರಗೆ ಬೀಳುತ್ತೇವೆ. ಸಾಯಂಕಾಲ ನಾನು ಹೇಗೂ ಶಿವಮೊಗ್ಗಕ್ಕೆ ಹೊರಟಿದ್ದೇನೆ, ಅಲ್ಲೇ ಕೂತು ಮಾಡುತ್ತೇನೆ. ಆಫೀಸಿಗೆ ಸ್ಟ್ಯಾಟಿಕ್ ಐಪಿ ತೆಗೆದುಕೊಂಡಿದ್ದೀರಾ?

ಚಿಕ್ಕಮ್ಮ: ಅದಕ್ಕೆ ಬ್ರಾಡ್‌ಬ್ಯಾಂಡಿನವರು ಬೇರೆ ಬಿಲ್ ಹಾಕುತ್ತಾರೆ. ಏನು ಅಂತ ಕೇಳಿದರೆ ಯಾರೂ ಸರಿಯಾಗಿ ಹೇಳಲಿಲ್ಲ. ಇಲ್ಲಿ ಮನೆಗೂ ಬೇಕಾ?

ಹುಡುಗ: ಬೇಡ. ಸ್ಟ್ಯಾಟಿಕ್ ಐಪಿ ಅಂದರೆ ಹೊರಗಿನಿಂದ ಕಾಣುವ, ಬದಲಾಗದ ವಿಳಾಸ. ನೋಡಿ, ನಿಮ್ಮ ಲ್ಯಾಪ್‌ಟಾಪಿನ ವಿಳಾಸ 192.168.1.5. ಪಕ್ಕದ ಮನೆಯಲ್ಲೂ ಇದೇ ನಂಬರ್ ಇರಬಹುದು, ನಿಮ್ಮ ಆಫೀಸಿನಲ್ಲೂ ಇರಬಹುದು. 192.168ರಿಂದ ಶುರುವಾಗುವವು, 10ರಿಂದ ಶುರುವಾಗುವವು, ಇನ್ನೊಂದಷ್ಟು, ಇವನ್ನು ಯಾರು ಬೇಕಾದರೂ ತಮ್ಮ ಮನೆಯೊಳಗೆ ಬಳಸಿಕೊಳ್ಳಲಿ ಅಂತ 1990ರ ದಶಕದಲ್ಲೇ ಬಿಟ್ಟುಕೊಟ್ಟರು. ಹೊರಗಿನ ಇಂಟರ್ನೆಟ್ಟಿನಲ್ಲಿ ಇವಕ್ಕೆ ಬೆಲೆಯಿಲ್ಲ. ಹೊರಗೆ ಕಾಣುವುದು ರೂಟರಿನ ವಿಳಾಸ ಮಾತ್ರ. ಈಗ ಆ ಹೊರಗಿನ ವಿಳಾಸಗಳೂ ಸಾಲುತ್ತಿಲ್ಲ. 2011ರ ಫೆಬ್ರವರಿ 3ಕ್ಕೆ ಜಗತ್ತಿನ ಕೇಂದ್ರ ದಾಸ್ತಾನು ಖಾಲಿಯಾಯಿತು. ಅಂದಿನಿಂದ ಬ್ರಾಡ್‌ಬ್ಯಾಂಡಿನವರು ಒಂದೇ ವಿಳಾಸದ ಹಿಂದೆ ನೂರಾರು ಮನೆಗಳನ್ನು ಕೂರಿಸುತ್ತಾರೆ. ಸಿಜಿ-ನ್ಯಾಟ್ ಅನ್ನುತ್ತಾರೆ ಅದಕ್ಕೆ. ಈ ಮನೆಯ ರೂಟರಿನ ಪುಟ ತೆಗೆದು ವ್ಯಾನ್ ಐಪಿ, ಅಂದರೆ ಅದರ ಹೊರಬದಿಯ ವಿಳಾಸ ನೋಡಿ, 100.72 ಅಂತ ಶುರುವಾಗಿದೆ. 100.64ರಿಂದ 100.127ರ ತನಕ ಇದ್ದರೆ ನೀವು ಆ ಗುಂಪಿನಲ್ಲಿದ್ದೀರಿ ಅಂತಲೇ ಲೆಕ್ಕ. ಒಳಗಿನಿಂದ ಹೊರಗೆ ಹೋಗಬಹುದು, ಹೊರಗಿನವರು ನಿಮ್ಮನ್ನು ಹುಡುಕಿಕೊಂಡು ಬರಲಾರರು.

ಚಿಕ್ಕಮ್ಮ: ಅಂದರೆ ಹೋಗುವವರಿಗೆ ಆಫೀಸಿನ ವಿಳಾಸ ಗೊತ್ತಿದ್ದರೆ ಸಾಕು, ಅವರ ವಿಳಾಸ ಏನಿದ್ದರೂ ನಡೆಯುತ್ತದೆ.

ಹುಡುಗ: ಅಷ್ಟೇ. ಸ್ಟ್ಯಾಟಿಕ್ ಐಪಿ ಸಿಗದ ಕಡೆ ಟೇಲ್‌ಸ್ಕೇಲ್‌ನಂಥ ಸೇವೆ ಇದೆ. ಎರಡೂ ಕಡೆಯವರು ಹೊರಗೆ ಬಂದು ಮೂರನೆಯವರ ಹತ್ತಿರ ತಮ್ಮ ವಿಳಾಸ ಹೇಳುತ್ತಾರೆ, ಅವರು ಪರಿಚಯ ಮಾಡಿಸುತ್ತಾರೆ. ಸುಲಭ, ಒಳ್ಳೆಯದೇ. ಆದರೆ ಆಫೀಸಿಗೆ ಯಾರು ಬರಬಹುದು ಅನ್ನುವ ಪಟ್ಟಿ ಆ ಮೂರನೆಯವರ ಹತ್ತಿರ ಇರುತ್ತದೆ. ನಿಮಗೆ ಹೇಗೂ ಸ್ಟ್ಯಾಟಿಕ್ ಇದೆ, ಅದರ ಅಗತ್ಯವಿಲ್ಲ.

ಚಿಕ್ಕಮ್ಮ: ನಾವು ಬ್ಯಾಂಕ್ ಆಡಿಟ್‌ಗೆ ಹಳ್ಳಿ ಶಾಖೆಗಳಿಗೆ ಹೋಗುತ್ತಿದ್ದಾಗ ಮಾಳಿಗೆ ಮೇಲೊಂದು ಬಿಳಿ ಡಿಶ್ ಇರುತ್ತಿತ್ತು. ವಿಸ್ಯಾಟ್ ಅನ್ನುತ್ತಿದ್ದರು. ಜೋರು ಮಳೆ ಬಂದರೆ ಮ್ಯಾನೇಜರ್ "ಲಿಂಕ್ ಇಲ್ಲ" ಅಂತ ಬೋರ್ಡ್ ಹಾಕಿ ಕಾಫಿ ತರಿಸುವರು. ಅದೂ ಇದೇನಾ?

ಹುಡುಗ: ಉದ್ದೇಶ ಒಂದೇ, ದಾರಿ ಬೇರೆ. ಅದು ಬಾಡಿಗೆಗೆ ಹಿಡಿದ ಪ್ರತ್ಯೇಕ ದಾರಿ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂತಲ್ಲ, ಆಗ ಇಲ್ಲಿ ಸಾರ್ವಜನಿಕ ಇಂಟರ್ನೆಟ್ ಅನ್ನುವುದೇ ಇರಲಿಲ್ಲ. ವಿಎಸ್‌ಎನ್‌ಎಲ್ ಅದನ್ನು ಕೊಟ್ಟದ್ದು 1995ರ ಆಗಸ್ಟ್ 15ಕ್ಕೆ. ಹಾಗಾಗಿ ಆ ಕಂಪನಿ ಅಮೆರಿಕದ ತನ್ನ ಕಂಪ್ಯೂಟರುಗಳ ಜೊತೆ ಮಾತಾಡಲು ತನ್ನದೇ ಉಪಗ್ರಹ ಸಂಪರ್ಕ ಹಾಕಿಸಿಕೊಂಡಿತು. ಆ ಡಿಶ್ಶಿನ ಸಾಮಾನು ಎತ್ತಿನ ಗಾಡಿಯಲ್ಲಿ ಬಂತು ಅನ್ನುವುದನ್ನು ಬೆಂಗಳೂರಿನ ಐಟಿಯವರು ಇವತ್ತಿಗೂ ಹೇಳುತ್ತಾರೆ. ಸರ್ಕಾರದ ಅನುಮತಿ, ದುಡ್ಡು, ಸಮಯ, ಎಲ್ಲವೂ ದೊಡ್ಡ ಕಂಪನಿಗಳ ಬಾಬತ್ತು. ವಿಪಿಎನ್ ಮಾಡಿದ್ದೇನೆಂದರೆ, ಎಲ್ಲರೂ ಓಡಾಡುವ ರಸ್ತೆಯಲ್ಲೇ ಇಬ್ಬರಿಗೆ ಮಾತ್ರ ಕಾಣುವ ದಾರಿ ಮಾಡಿಕೊಟ್ಟಿತು.

ಚಿಕ್ಕಮ್ಮ: ಎಲ್ಲರೂ ಓಡಾಡುವ ರಸ್ತೆಯಲ್ಲಿ ಇಬ್ಬರಿಗೆ ಮಾತ್ರ ಹೇಗೋ ಕಾಣುತ್ತದೆ?

ಹುಡುಗ: ಒಂದು ಲಕೋಟೆಯೊಳಗೆ ಇನ್ನೊಂದು ಲಕೋಟೆ. ಒಳಗಿನ ಲಕೋಟೆಯ ಮೇಲೆ ನಿಮ್ಮ ಟ್ಯಾಲಿ ಕಂಪ್ಯೂಟರಿನ ಒಳವಿಳಾಸ ಇರುತ್ತದೆ, ಅದನ್ನು ಗೂಢಲಿಪಿ ಮಾಡಿ ಹೊರಗಿನ ಲಕೋಟೆಯಲ್ಲಿ ಹಾಕಿ, ಮೇಲೆ ಆಫೀಸಿನ ಸ್ಟ್ಯಾಟಿಕ್ ಐಪಿ ಬರೆಯುವುದು. ದಾರಿಯಲ್ಲಿ ಸಿಕ್ಕವರಿಗೆ ಇಲ್ಲಿಂದ ಅಲ್ಲಿಗೆ ಏನೋ ಹೋಯಿತು ಅಂತ ಗೊತ್ತಾಗುತ್ತದೆ, ಏನು ಅಂತ ಗೊತ್ತಾಗುವುದಿಲ್ಲ. ಈ ಗೂಢಲಿಪಿಯ ಕೆಲಸ ಎಲ್ಲರೂ ಒಂದೇ ತರಹ ಮಾಡಿಲ್ಲ. 1990ರ ದಶಕದಲ್ಲಿ ಬಂದ ಪಿಪಿಟಿಪಿ ಅನ್ನುವ ವಿಪಿಎನ್ ವಿಧಾನವನ್ನು ಮೈಕ್ರೋಸಾಫ್ಟ್ ವಿಂಡೋಸ್ ಜೊತೆಗೇ ಕೊಟ್ಟಿದ್ದರಿಂದ ಎಲ್ಲರೂ ಬಳಸಿದರು. 1998ರಲ್ಲೇ ಬ್ರೂಸ್ ಶ್ನಾಯರ್ ಮತ್ತು ಮಡ್ಜ್ ಅನ್ನುವವರು ಅದರ ಹುಳುಕು ಬಿಚ್ಚಿಟ್ಟರು. 2012ರ ಹೊತ್ತಿಗೆ ಅದರ ಲಾಗಿನ್ ಗುಟ್ಟನ್ನು ಒಂದೇ ದಿನದೊಳಗೆ ಒಡೆದುಕೊಡುವ ಸೇವೆಯೇ ಬಂತು. ಇಷ್ಟಾದರೂ ಹಳೇ ರೂಟರುಗಳಲ್ಲಿ ಅದಿನ್ನೂ ಇದೆ. ನಿಮ್ಮ ಕಂಪ್ಯೂಟರಿನವನು ನಾಳೆ ಬಂದು "ವಿಪಿಎನ್ ತಾನೆ, ಇದರಲ್ಲೇ ಇದೆ ಮೇಡಂ" ಅಂತ ಪಿಪಿಟಿಪಿಗೆ ಟಿಕ್ ಹಾಕಿದರೆ ಬೇಡ ಅನ್ನಿ.

ಚಿಕ್ಕಮ್ಮ: ಮತ್ತೆ ಯಾವುದು?

ಹುಡುಗ: ಓಪನ್‌ವಿಪಿಎನ್ ಆಗಬಹುದು. ಅದರ ಕರ್ತೃ ಜೇಮ್ಸ್ ಯೋನನ್ ಮಧ್ಯ ಏಷ್ಯಾದಲ್ಲಿ ತಿರುಗಾಡುತ್ತಾ ಅಲ್ಲಿಂದ ಕೆಲಸಕ್ಕೆ ಸಂಪರ್ಕ ಮಾಡಬೇಕಾಗಿ ಬಂದಾಗ, ನಡುವಿನ ದೇಶಗಳ ಜಾಲವನ್ನು ನಂಬುವುದು ಹೇಗೆ ಅನ್ನುವ ಯೋಚನೆಯಿಂದ ಹುಟ್ಟಿದ್ದು ಅದು. ಮೊದಲು ಬಂದದ್ದು 2001ರಲ್ಲಿ. ನಾನು ನಿಮಗೆ ಹಾಕಿಕೊಡುವುದು ವೈರ್‌ಗಾರ್ಡ್. ಜೇಸನ್ ಡೋನೆನ್‌ಫೆಲ್ಡ್ ಬರೆದದ್ದು. ಲಿನಕ್ಸಿನಲ್ಲಿ ಅದರ ಕೋಡ್ ಸುಮಾರು 4,000 ಸಾಲು ಅಷ್ಟೆ, ಉಳಿದವು ಲಕ್ಷ ಸಾಲುಗಳ ಮಾತಾಡುತ್ತವೆ. ಚಿಕ್ಕದಿದ್ದರೆ ಒಬ್ಬರು ಕೂತು ಪೂರ್ತಿ ಓದಿ ತಪ್ಪು ಹುಡುಕಬಹುದು. ಅದು ಲಿನಕ್ಸ್ 5.6ರ ಭಾಗವಾಗಿ ಹೊರಬಂದದ್ದು 2020ರ ಮಾರ್ಚ್ 29ಕ್ಕೆ. ನಮ್ಮಲ್ಲಿ ಲಾಕ್‌ಡೌನ್ ಶುರುವಾದ ಅದೇ ವಾರ.

ಚಿಕ್ಕಮ್ಮ: ಆಗ ನೀನು ಇಲ್ಲಿಗೇ ಬಂದಿದ್ದೆಯಲ್ಲ. ಲ್ಯಾಪ್‌ಟಾಪ್ ಹೆಗಲಿಗೆ ಹಾಕಿಕೊಂಡು, ಕೊಡೆ ಹಿಡಿದು ಗುಡ್ಡ ಹತ್ತುತ್ತಿದ್ದೆ ಸಿಗ್ನಲ್‌ಗೆ.

ಹುಡುಗ: ಮಲೆನಾಡಿನಲ್ಲಿ ಆ ವರ್ಷ ಗುಡ್ಡ ಹತ್ತದ ಇಂಜಿನಿಯರ್ ಯಾರಿದ್ದರು ಹೇಳಿ! ಆ ಅನುಭವದಿಂದಲೇ ವೈರ್‌ಗಾರ್ಡ್ ಹಾಕೋಣ ಅನ್ನುತ್ತಿರುವುದು. ಇಲ್ಲಿ ಒಂದು ಕೊಂಬೆ ಬಿದ್ದರೆ ಫೈಬರ್ ಹೋಯಿತು. ನೀವು ಮೊಬೈಲ್ ಹಾಟ್‌ಸ್ಪಾಟಿಗೆ ಬದಲಾಯಿಸುತ್ತೀರಿ, ನಿಮ್ಮ ಹೊರಗಿನ ವಿಳಾಸವೇ ಬದಲಾಗುತ್ತದೆ. ಬೇರೆ ವಿಪಿಎನ್ ಆದರೆ ಮತ್ತೆ ಲಾಗಿನ್ ಆಗಬೇಕಾಗಬಹುದು. ಇದು ವಿಳಾಸ ನೋಡುವುದಿಲ್ಲ, ಕೀಲಿ ನೋಡುತ್ತದೆ. ಕೀಲಿ ಸರಿಯಿದ್ದರೆ ಎಲ್ಲಿಂದ ಬಂದರೂ ಮುಂದುವರಿಸುತ್ತದೆ. ಇನ್ನೊಂದು ಗುಣ ಅಂದರೆ, ಗೊತ್ತಿಲ್ಲದವರು ಬಂದು ಕೇಳಿದರೆ ಇದು ಬಾಯಿಯೇ ಬಿಡುವುದಿಲ್ಲ. ಆಗ ನೋಡಿದೆವಲ್ಲ 4625ರ ಪಟ್ಟಿ, ಆ ಜನಕ್ಕೆ ಇಲ್ಲೊಂದು ಪೋರ್ಟ್ ಇದೆ ಅಂತಲೇ ತಿಳಿಯುವುದಿಲ್ಲ.

ಚಿಕ್ಕಮ್ಮ: ಕೀಲಿ ಅಂದೆ. ಪಾಸ್‌ವರ್ಡಾ?

ಹುಡುಗ: ಪಾಸ್‌ವರ್ಡ್ ಅಲ್ಲ. ಇಗೋ, ನಿಮ್ಮ ಲ್ಯಾಪ್‌ಟಾಪಿನಲ್ಲಿ ಈಗಷ್ಟೇ ಹುಟ್ಟಿತು. 44 ಅಕ್ಷರಗಳ ಒಂದು ಸಾಲು, ಕೊನೆಗೆ ಒಂದು ಸಮಚಿಹ್ನೆ. ಇಂಥವು ಎರಡು. ಒಂದು ಖಾಸಗಿ, ಅದು ಈ ಲ್ಯಾಪ್‌ಟಾಪ್ ಬಿಟ್ಟು ಎಲ್ಲಿಗೂ ಹೋಗಕೂಡದು, ನನಗೂ ಕಳಿಸಬೇಡಿ. ಇನ್ನೊಂದು ಸಾರ್ವಜನಿಕ, ಅದನ್ನು ಬೇಕಾದರೆ ವಾಟ್ಸಾಪ್‌ನಲ್ಲಿ ಕಳಿಸಿ. ಆಫೀಸಿನ ಕಡೆ ಈ ಸಾರ್ವಜನಿಕ ಸಾಲನ್ನು ಬರೆದಿಟ್ಟುಕೊಂಡರೆ ನಿಮ್ಮನ್ನು ಗುರುತಿಸುತ್ತದೆ. ಕಾಗದದಲ್ಲಿ ಬರೆದು ಮೇಜಿನ ಗಾಜಿನ ಕೆಳಗೆ ಇಡುವಂಥದ್ದು ಏನೂ ಇಲ್ಲ.

ಚಿಕ್ಕಮ್ಮ: ನನ್ನ ಮೇಜು ನೋಡಿದ್ದೀಯ ನೀನು.

ಹುಡುಗ: ಸ್ಕ್ರೀನಿನಲ್ಲಿ ಆ ಕೀಲಿಯ ಕೆಳಗೆ ಒಂದು ಸಾಲು ಇದೆ ನೋಡಿ, ಯಾವ ಯಾವ ವಿಳಾಸಗಳಿಗೆ ಈ ದಾರಿ ಅಂತ. ಇಲ್ಲಿ 0.0.0.0/0 ಅಂತ ಹಾಕಿದರೆ ನಿಮ್ಮ ಯೂಟ್ಯೂಬೂ ಶಿವಮೊಗ್ಗ ಸುತ್ತಿ ಬರುತ್ತದೆ. ನಾನು ಟ್ಯಾಲಿ ಇರುವ ಒಂದೇ ಕಂಪ್ಯೂಟರಿನ ವಿಳಾಸ ಹಾಕುತ್ತೇನೆ. ಆಫೀಸಿನ ಕಡೆಯ ಫೈರ್‌ವಾಲ್‌ನಲ್ಲೂ ಅಷ್ಟಕ್ಕೇ ಬಿಡುತ್ತೇನೆ. ಉಳಿದ ಕಂಪ್ಯೂಟರು, ಪ್ರಿಂಟರು, ಕ್ಯಾಮೆರಾ ನಿಮಗೆ ಇಲ್ಲಿಂದ ಬೇಡವಲ್ಲ?

ಚಿಕ್ಕಮ್ಮ: ಕ್ಯಾಮೆರಾ ಇದ್ದರೆ ಸಿಎ ತರಬೇತಿಯ ಆರ್ಟಿಕಲ್ ಹುಡುಗರು ಕೆಲಸ ಮಾಡುತ್ತಾರೋ ಇಲ್ಲವೋ ನೋಡಬಹುದಿತ್ತು. ಇರಲಿ ಬಿಡು. ಟ್ಯಾಲಿ ಡೇಟಾ ಫೋಲ್ಡರನ್ನೇ ಇಲ್ಲಿ ತೆರೆದುಕೊಳ್ಳಬಹುದಾ? ಇಲ್ಲಿಯ ಟ್ಯಾಲಿಯಲ್ಲೇ?

ಹುಡುಗ: ದಯವಿಟ್ಟು ಬೇಡ. ಒಂದು ವೋಚರ್ ತೆರೆಯಲು ತಂತ್ರಾಂಶ ಆ ಫೈಲುಗಳಲ್ಲಿ ಸಾಕಷ್ಟು ಸಲ ಚೂರು ಚೂರು ಓದುತ್ತದೆ, ಬರೆಯುತ್ತದೆ. ಒಂದೇ ಕೋಣೆಯಲ್ಲಿ ವೈರ್ ಹಾಕಿದ್ದರೆ ಗೊತ್ತಾಗುವುದಿಲ್ಲ. ಇಷ್ಟು ದೂರದಿಂದ ಒಂದೊಂದು ಓದಿಗೂ ಹೋಗಿ ಬರುವ ಸಮಯ ಸೇರುತ್ತದೆ. ಬರೆಯುವ ಮಧ್ಯದಲ್ಲಿ ಲೈನ್ ಕಡಿದರೆ ಡೇಟಾ ಕೆಡುತ್ತದೆ. ವಿಪಿಎನ್ ಒಳಗಿನಿಂದ ರಿಮೋಟ್ ಡೆಸ್ಕ್‌ಟಾಪ್ ಮಾಡಿ. ಕೆಲಸ ಅಲ್ಲೇ ನಡೆಯುತ್ತದೆ, ಇಲ್ಲಿಗೆ ಬರುವುದು ಚಿತ್ರ ಮಾತ್ರ. ಲೈನ್ ಹೋದರೂ ಎಂಟ್ರಿ ಅಲ್ಲೇ ನಿಂತಿರುತ್ತದೆ. ಅದೇ 3389, ಈ ಸಲ ಬೀದಿಗೆ ಕಾಣುವುದಿಲ್ಲ.

ಚಿಕ್ಕಮ್ಮ: ಕರೆಂಟ್ ಹೋದರೆ?

ಹುಡುಗ: ಒಳ್ಳೆಯ ಪ್ರಶ್ನೆ. ಯುಪಿಎಸ್ ಎಷ್ಟು ಹೊತ್ತು ತಡೆದೀತು? ಕಂಪ್ಯೂಟರಿನ ಬಯೋಸ್ ಒಳಗೆ ಕರೆಂಟ್ ವಾಪಸ್ ಬಂದಾಗ ತಾನಾಗಿ ಆನ್ ಆಗಲಿ ಅನ್ನುವ ಆಯ್ಕೆ ಇರುತ್ತದೆ, ಅದನ್ನು ಹಾಕುತ್ತೇನೆ. ಸ್ಲೀಪ್ ಆಗುವುದನ್ನು ನಿಲ್ಲಿಸುತ್ತೇನೆ. ಈ ಎರಡನ್ನು ಮರೆತರೆ ಎಂಥ ವಿಪಿಎನ್ ಇದ್ದರೂ ನೀವು ಬಸ್ ಹತ್ತಬೇಕಾಗುತ್ತದೆ. ರೂಟರ್‌ಗೂ ಯುಪಿಎಸ್ ಇರಲಿ. ಇನ್ನು ಆಫೀಸಿನ ಒಳವಿಳಾಸಗಳನ್ನು ಬದಲಾಯಿಸಬೇಕು. ಅಲ್ಲೂ 192.168.1, ಇಲ್ಲೂ 192.168.1 ಆದರೆ ಲ್ಯಾಪ್‌ಟಾಪಿಗೆ ಗೊಂದಲ. ಟ್ಯಾಲಿ ಎಲ್ಲಿ ಅಂತ ಇದೇ ಮನೆಯಲ್ಲಿ ಹುಡುಕುತ್ತದೆ. ಆಫೀಸನ್ನು 192.168.73 ಮಾಡೋಣ.

ಚಿಕ್ಕಮ್ಮ: ನಮ್ಮ ಕ್ಲೈಂಟ್ ಒಬ್ಬರು ಹೀಗೇ ಏನೋ ಹಾಕಿಸಿಕೊಂಡಿದ್ದಾರೆ. ಕನೆಕ್ಟೆಡ್ ಅಂತ ತೋರಿಸುತ್ತದಂತೆ, ಆದರೆ ಏನು ತೆರೆಯಲು ಹೋದರೂ ಅರ್ಧಕ್ಕೆ ನಿಲ್ಲುತ್ತದಂತೆ.

ಹುಡುಗ: ನೋಡದೆ ಹೇಳುವುದು ಕಷ್ಟ. ಆದರೆ ಚಿಕ್ಕದೆಲ್ಲ ಹೋಗಿ ದೊಡ್ಡದು ಮಾತ್ರ ಸಿಕ್ಕಿಬೀಳುತ್ತದೆ ಅಂದರೆ ನಾನು ಮೊದಲು ನೋಡುವುದು ಎಂಟಿಯು, ಅಂದರೆ ಒಂದು ಪ್ಯಾಕೆಟ್ಟಿನ ಗಾತ್ರದ ಮಿತಿ. ಸಾಮಾನ್ಯವಾಗಿ ಒಂದು ಪ್ಯಾಕೆಟ್ 1500 ಬೈಟ್ ತನಕ ಇರಬಹುದು. ಲಾಗಿನ್ ಹೆಸರು ಹಾಕಿ ಬಳಸುವ ಬ್ರಾಡ್‌ಬ್ಯಾಂಡ್ ಅದರಲ್ಲಿ ಎಂಟು ಬೈಟ್ ತಿಂದು 1492 ಉಳಿಸುತ್ತದೆ. ಹೊರಗಿನ ಲಕೋಟೆಯೂ ಜಾಗ ತಿನ್ನುತ್ತದೆ, ಅದಕ್ಕೇ ವೈರ್‌ಗಾರ್ಡ್ 1420 ಇಟ್ಟುಕೊಳ್ಳುವುದು. ನಡುವೆ ಎಲ್ಲೋ ಅಷ್ಟೂ ಹಿಡಿಸದ ಕಡೆ ದೊಡ್ಡ ಪ್ಯಾಕೆಟ್ ಸದ್ದಿಲ್ಲದೆ ಬಿದ್ದುಹೋಗುತ್ತದೆ. 1280ಕ್ಕೆ ಇಳಿಸಿ ನೋಡಲು ಹೇಳಿ, ಸರಿಹೋದರೆ ಅದೇ ಕಾರಣ.

ಚಿಕ್ಕಮ್ಮ: ಯೂಟ್ಯೂಬ್‌ನಲ್ಲಿ ದಿನಾ ವಿಪಿಎನ್ ಜಾಹೀರಾತು ಬರುತ್ತದಲ್ಲ, ತಿಂಗಳಿಗಿಷ್ಟು ಕೊಟ್ಟರೆ ನೀವು ಪೂರ್ತಿ ಸೇಫ್ ಅಂತ. ಅದನ್ನು ಕೊಂಡರೆ ಇಷ್ಟೆಲ್ಲ ತಾಪತ್ರಯ ಇರುತ್ತಿರಲಿಲ್ಲವೇನೋ.

ಹುಡುಗ: ಹೆಸರು ಒಂದೇ, ಕೆಲಸ ಬೇರೆ. ಅವರು ನಿಮ್ಮನ್ನು ಅವರ ಕಂಪ್ಯೂಟರಿನ ತನಕ ಕರೆದೊಯ್ದು ಅಲ್ಲಿಂದ ಇಂಟರ್ನೆಟ್ಟಿಗೆ ಬಿಡುತ್ತಾರೆ. ನಿಮ್ಮ ಆಫೀಸಿಗಲ್ಲ. ಬ್ರಾಡ್‌ಬ್ಯಾಂಡಿನವರನ್ನು ನಂಬುವ ಬದಲು ಅವರನ್ನು ನಂಬುತ್ತೀರಿ, ಅಷ್ಟೇ ವ್ಯತ್ಯಾಸ. 2022ರ ಏಪ್ರಿಲ್ 28ರಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಆದೇಶ ಹೊರಡಿಸಿ, ಇಂಥವರು ಗ್ರಾಹಕರ ವಿವರ ಐದು ವರ್ಷ ಇಟ್ಟಿರಬೇಕು ಅಂದಿತು. ಎಕ್ಸ್‌ಪ್ರೆಸ್‌ವಿಪಿಎನ್, ನಾರ್ಡ್‌ವಿಪಿಎನ್, ಸರ್ಫ್‌ಶಾರ್ಕ್ ಭಾರತದಿಂದ ತಮ್ಮ ಸರ್ವರ್ ತೆಗೆದರು. ಕಂಪನಿಗಳು ತಮ್ಮ ಸಿಬ್ಬಂದಿಗಾಗಿ ನಡೆಸುವ ವಿಪಿಎನ್‌ಗೆ ಆ ನಿಯಮ ಇಲ್ಲ ಅಂತ ಆಮೇಲೆ ಸ್ಪಷ್ಟಪಡಿಸಿದರು. ನಿಮಗೆ ಅದರ ಚಿಂತೆ ಬೇಡ.

ಚಿಕ್ಕಮ್ಮ: ನನಗೆ ಚಿಂತೆ ಬೇರೆಯೇ. ಕ್ಲೈಂಟುಗಳ ಪ್ಯಾನ್, ಬ್ಯಾಂಕ್ ಖಾತೆ ಎಲ್ಲ ಆ ಕಂಪ್ಯೂಟರಿನಲ್ಲಿದೆ. 2023ರ ಡೇಟಾ ಸಂರಕ್ಷಣಾ ಕಾಯ್ದೆಯಲ್ಲಿ ಭದ್ರತೆ ಲೋಪಕ್ಕೆ 250 ಕೋಟಿ ರೂಪಾಯಿ ತನಕ ದಂಡ ಅಂತ ಸೆಮಿನಾರಿನಲ್ಲಿ ಹೆದರಿಸಿದ್ದಾರೆ. ನೀನು ಹಾಕಿಕೊಡುವ ವೈರ್‌ಗಾರ್ಡ್ ಇದ್ದರೆ ನಾನು ನಿಶ್ಚಿಂತೆಯಾಗಿ ಇರಬಹುದಾ, ಹೇಳು.

ಹುಡುಗ: ಇಲ್ಲ. ಈ ದಾರಿ ನಡುವಿನಲ್ಲಿ ಭದ್ರ. ಈ ಕಾಲದಲ್ಲಿ ನಡುದಾರಿಯಲ್ಲಿ ಕದಿಯುವವರು ಕಡಿಮೆ, ತುದಿಯಿಂದ ಬರುವವರೇ ಹೆಚ್ಚು. ಮನೆಯ ಲ್ಯಾಪ್‌ಟಾಪನ್ನು ಆಫೀಸಿಗೆ ಸೇರಿಸಿದ ಗಳಿಗೆಯಿಂದ ಈ ಜಗಲಿಯೂ ನಿಮ್ಮ ಆಫೀಸೇ. ಇದರಲ್ಲಿ ನಿಮ್ಮ ಮಗ ಪುಟ್ಟ ಗೇಮ್ ಆಡುತ್ತಾನಾ?

ಚಿಕ್ಕಮ್ಮ: ರಜೆಯಲ್ಲಿ ಆಡುತ್ತಾನೆ. ಎಲ್ಲಿಂದಲೋ ಪುಕ್ಕಟೆ ಇಳಿಸಿಕೊಂಡಿದ್ದಾನೆ.

ಹುಡುಗ: ಅದರ ಜೊತೆ ಏನು ಇಳಿದಿದೆಯೋ, ಅದಕ್ಕೂ ಈ ವಿಪಿಎನ್ ದಾರಿ ತೆರೆದೇ ಇರುತ್ತದೆ. ಅವನಿಗೆ ಬೇರೆ ಕಂಪ್ಯೂಟರ್ ಕೊಡಿಸಿ, ಇಲ್ಲವೇ ನೀವು ಬೇರೆ ತೆಗೆದುಕೊಳ್ಳಿ. ಎರಡನೇ ಮಾತು. 2021ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಕಲೋನಿಯಲ್ ಪೈಪ್‌ಲೈನ್ ಅನ್ನುವ ಕಂಪನಿಯ ಡೇಟಾಕ್ಕೆ ಕಳ್ಳರು ಹೀಗೇ ಬೀಗ ಹಾಕಿ, ಕೆಲಸ ನಿಂತುಹೋಯಿತು. ಪೂರ್ವ ಕರಾವಳಿಗೆ ಬೇಕಾದ ಇಂಧನದಲ್ಲಿ ಸುಮಾರು ಅರ್ಧ ಸಾಗಿಸುವ ಕೊಳವೆ ಮಾರ್ಗ ಅದು. ಬಂಕುಗಳ ಮುಂದೆ ಕ್ಯೂ. ಕಂಪನಿ 75 ಬಿಟ್‌ಕಾಯಿನ್, ಆಗಿನ ಬೆಲೆಗೆ ಸುಮಾರು 44 ಲಕ್ಷ ಡಾಲರ್, ಕೊಟ್ಟಿತು. ಕಳ್ಳರು ಬಂದದ್ದು ಎಲ್ಲಿಂದ ಅಂದುಕೊಂಡಿರಿ? ವಿಪಿಎನ್‌ನಿಂದಲೇ. ಯಾರೂ ಬಳಸದೆ ಬಿಟ್ಟಿದ್ದ ಒಂದು ಹಳೇ ಖಾತೆ. ಗೂಢಲಿಪಿ ಯಾರೂ ಒಡೆಯಲಿಲ್ಲ. ಪಾಸ್‌ವರ್ಡ್ ಸುಲಭದ್ದೇನೂ ಆಗಿರಲಿಲ್ಲ ಅಂತ ಕಂಪನಿಯ ಮುಖ್ಯಸ್ಥರೇ ಸೆನೆಟ್ ಮುಂದೆ ಹೇಳಿದರು. ಪಾಸ್‌ವರ್ಡ್ ಹೇಗೋ ಹೊರಗೆ ಹೋಗಿತ್ತು, ಮೊಬೈಲಿಗೆ ಓಟಿಪಿ ಬರುವಂಥ ಎರಡನೇ ತಪಾಸಣೆ ಆ ಖಾತೆಗೆ ಇರಲಿಲ್ಲ, ಖಾತೆಯನ್ನು ಮುಚ್ಚಬೇಕು ಅಂತ ಯಾರಿಗೂ ನೆನಪಾಗಲಿಲ್ಲ.

ಚಿಕ್ಕಮ್ಮ: ಬ್ಯಾಂಕಿನಲ್ಲಿ ನಿಷ್ಕ್ರಿಯ ಖಾತೆಗಳಲ್ಲೇ ವಂಚನೆ ನಡೆಯುವುದು. ಆಡಿಟ್‌ನಲ್ಲಿ ಮೊದಲು ಅದನ್ನೇ ತೆಗೆದು ನೋಡುತ್ತೇವೆ.

ಹುಡುಗ: ನಿಮ್ಮ ಆಫೀಸಿನ ಕಂಪ್ಯೂಟರಿನಲ್ಲಿ ಎಷ್ಟು ಲಾಗಿನ್ ಇವೆ?

ಚಿಕ್ಕಮ್ಮ: ನನ್ನದೊಂದು, ಆರ್ಟಿಕಲ್‌ಗಳದ್ದು ಒಂದೊಂದು.

ಹುಡುಗ: ಈಗ ಇರುವ ಆರ್ಟಿಕಲ್‌ಗಳದ್ದಾ?

ಚಿಕ್ಕಮ್ಮ: ಹಳಬರದ್ದೂ ಇದೆ. ಒಬ್ಬಳು ಫೈನಲ್ ಪಾಸಾಗಿ ಬೆಂಗಳೂರಿಗೆ ಹೋದಳು, ಇನ್ನೊಬ್ಬ ಬ್ಯಾಂಕ್ ಪರೀಕ್ಷೆ ಬರೆದು ಹೋದ. ಎಲ್ಲರಿಗೂ ಒಂದೇ ಪಾಸ್‌ವರ್ಡ್, ಆಫೀಸಿನ ಹೆಸರು ಮತ್ತು 123. ಯಾರೂ ಅಳಿಸಿಲ್ಲ.

ಹುಡುಗ: ಇವತ್ತು ನಾನು ಮೊದಲು ಆ ಹಳೇ ಲಾಗಿನ್‌ಗಳನ್ನು ಅಳಿಸುತ್ತೇನೆ, ಆಮೇಲೆ 3389 ಮುಚ್ಚುತ್ತೇನೆ. ವೈರ್‌ಗಾರ್ಡ್ ಕೊನೆಗೆ. ಅದು ನಾಳೆಯಾದರೂ ನಡೆಯುತ್ತದೆ.